ನಿಮಿಷಕ್ಕೆ ಎಷ್ಟು ಮೀಟರು

ಫ್ರಾನ್ಸಿನ ಓರ್ಲೆಯಾನ್‌ನಿಂದ ನಮ್ಮ ಗೆಂಟ್ ಊರಿಗೆ ಆಕಾಶದ ದಾರಿ ಮುನ್ನೂರ ಎಪ್ಪತ್ತು ಕಿಲೋಮೀಟರು. ಪಂದ್ಯದ ಪಾರಿವಾಳಕ್ಕೆ ಐದು ಗಂಟೆ ಹಿಡಿಯುತ್ತದೆ. ಫಿರ್ಮೀನನ ಪಾರಿವಾಳಕ್ಕೆ ಮಾತ್ರ ನಾಲ್ಕೂಮುಕ್ಕಾಲು. ಆ ಕಾಲು ಗಂಟೆ ಪಕ್ಕದ ಮನೆಯ ಓಡಿಲೋನನ ಹೊಟ್ಟೆಯಲ್ಲಿ ಒಂಬತ್ತು ವರ್ಷದಿಂದ ಕೆಂಡವಾಗಿ ಕೂತಿತ್ತು. ಬಿಯರ್ ಅಂಗಡಿಯ ಹಲಗೆಯಲ್ಲಿ ಗೆದ್ದವನ ಹೆಸರು ಬರೆಯುವ ಮುದುಕ ಈಚೆಗೆ ಫಿರ್ಮೀನನ ಹೆಸರು ಅಳಿಸುವುದನ್ನೇ ಬಿಟ್ಟಿದ್ದ. ತಾರೀಕು ಮಾತ್ರ ತಿದ್ದುತ್ತಿದ್ದ. ಆ ಸಿಟ್ಟಿಗೆ, ತಡವಾಗಿ ಬಂದ ಹಕ್ಕಿ ಓಡಿಲೋನನ ಮನೆಯಲ್ಲಿ ಸೂಪಾಗುತ್ತಿತ್ತು.

ಈ ವರ್ಷದ ಕೊನೆಯ ಪಂದ್ಯ. ಹಿಂದಿನ ಸಂಜೆ ಹಕ್ಕಿಯನ್ನು ಓರ್ಲೆಯಾನ್‌ಗೆ ಹೋಗುವ ಲಾರಿಗೆ ಕೊಡುವ ಮುಂಚೆ ಓಡಿಲೋನ ಹಳೆಯ ಮದ್ದು ಹಾಕಿದ. ತನ್ನ ನೀಲಿ ಗಂಡಿನ ಕಣ್ಣೆದುರೇ ಅದರ ಹೆಣ್ಣಿನ ಗೂಡಿಗೆ ಇನ್ನೊಂದು ಗಂಡನ್ನು ಬಿಟ್ಟ.

"ಪಾಪ, ಯಾಕ್ರೀ ಅದರ ಹೊಟ್ಟೆ ಉರಿಸ್ತೀರಿ?" ಎಂದಳು ಹೆಂಡತಿ ಗೊಡೆಲೀವ.

"ಹೊಟ್ಟೆ ಉರಿದ ಗಂಡು ದಾರೀಲಿ ಕಾಳು ಕೂಡ ಮೂಸಲ್ಲ. ನೆಟ್ಟಗೆ ಮನೆಗೇ."

"ಎಲ್ಲಾ ಗಂಡೂ ಹಾಗೇನಾ?"

"ಒಂದೂ ಬಿಡದೆ."

ಭಾನುವಾರ ಏಳಕ್ಕೆ ಹಕ್ಕಿಗಳನ್ನು ಬಿಟ್ಟರೆಂದು ರೇಡಿಯೋ ಹೇಳಿತು. ಓಡಿಲೋನ ಗಡಿಯಾರದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಗೂಡಿನ ಬಾಗಿಲಲ್ಲಿ ಕೂತ. ಹಕ್ಕಿ ಬಂದರೆ ಸಾಲದು. ಕಾಲಿನ ರಬ್ಬರ್ ಉಂಗುರ ಬಿಚ್ಚಿ ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದರೇ ಲೆಕ್ಕ. ನಿಮಿಷಕ್ಕೆ ಎಷ್ಟು ಮೀಟರು ಹಾರಿತೆಂಬುದರ ಮೇಲೇ ಗೆಲುವು. ಗೊಡೆಲೀವ ನಾಲ್ಕು ಸಲ ಕಾಫಿಗೆ ಕರೆದಳು. ನೊಣ ಓಡಿಸಿದಂತೆ ಕೈ ಬೀಸಿದ. ಐದನೆಯ ಸಲ ಅವಳು ಕರೆಯಲಿಲ್ಲ.

ಹನ್ನೊಂದೂವರೆಗೆ ಬೇಲಿಯಾಚೆಯಿಂದ ಒಂದು ನಗು ಕೇಳಿತು. ಗೊಡೆಲೀವಳದೇ. ಈ ನಗು ಅವನು ಕೇಳಿದ್ದು ಮದುವೆಯಾದ ವರ್ಷ. ಹಲ್ಲು ಕಚ್ಚಿ ಆಕಾಶ ನೋಡಿದ. ಮತ್ತೆ ನಗು. ಜೊತೆಗೆ ಫಿರ್ಮೀನನ ಜೇನಿನಂಥ ದನಿ: "ಇನ್ನೊಂದು ಚೂರು ಕಡುಬು ತಗೊಳ್ಳಿ."

ಓಡಿಲೋನ ಬೇಲಿ ಹಾರಿದ. ಪ್ಯಾಂಟಿನ ಒಂದು ಕಾಲು ಬೇಲಿಯಲ್ಲೇ ಉಳಿಯಿತು.

"ಒಂಬತ್ತು ವರ್ಷ ಹಲಗೆ ನುಂಗಿದೆ. ಈಗ ಹೆಂಡ್ತೀನೂ ಬೇಕೇನೋ ನಿಂಗೆ?" ಎಂದು ಶುರು ಮಾಡಿದವನು ಫಿರ್ಮೀನನ ಮೀಸೆ, ಅವನ ಅಪ್ಪನ ಸೈಕಲ್ಲು, ಯಾವುದನ್ನೂ ಬಿಡಲಿಲ್ಲ. ನಡುವೆ ಫಿರ್ಮೀನ "ಒಂದ್ನಿಮಿಷ" ಎಂದು ತನ್ನ ಗೂಡಿಗೆ ಹೋಗಿ, ಗುಂಡಿ ಒತ್ತಿ, ವಾಪಸು ಬಂದು ಕೂತ.

"ಹ್ಞಾಂ, ಹೇಳು. ಅಪ್ಪನ ಸೈಕಲ್ಲು."

ಓಡಿಲೋನ ಸೈಕಲ್ಲನ್ನು ಅಲ್ಲಿಗೇ ಬಿಟ್ಟ. "ನಿನ್ನದು ಬಂತಾ?"

"ಈಗ ತಾನೇ. ನಿನ್ನ ನೀಲಿ ಬಂದು ಆರು ನಿಮಿಷ ಆಯ್ತಪ್ಪ. ಅಷ್ಟು ಚೆನ್ನಾಗಿ ಬೈತಾ ಇದ್ದೆ, ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಿದ್ದೆ."

ಬೇಲಿಯಾಚೆ ಗೂಡಿನಿಂದ ಗರಿಗಳು ಹಾರುತ್ತಿದ್ದವು. ನೀಲಿ ತನ್ನ ಲೆಕ್ಕ ಚುಕ್ತಾ ಮಾಡುತ್ತಿತ್ತು.

ಓಡಿಲೋನ ಹೆಂಡತಿಯತ್ತ ತಿರುಗಿದ. "ಇವತ್ತೇ ಬರಬೇಕಿತ್ತಾ ಇಲ್ಲಿಗೆ?"

"ಇವತ್ತು ನಾವು ಮದುವೆಯಾದ ದಿನ. ನಾಲ್ಕು ಸಲ ಕರೆದೆ. ನೀವು ಆಕಾಶದಿಂದ ಇಳೀಲಿಲ್ಲ. ನಿಮ್ಮ ಮದ್ದೇ ನಿಮಗೆ ಹಾಕಿದೆ."

ಕಡುಬಿನ ಕೊನೆಯ ಚೂರು ಬಾಯಿಗಿಟ್ಟು ಅವಳು ಕೈಗಡಿಯಾರ ನೋಡಿದಳು.

"ನಾನು ನಕ್ಕ ಮೇಲೆ ಹನ್ನೆರಡು ಮೀಟರು ಬರೋಕೆ ನಿಮಗೆ ಎರಡು ನಿಮಿಷ. ಇಂಥದ್ದನ್ನಲ್ವೇನ್ರೀ ನೀವು ಸೂಪಿಗೆ ಹಾಕೋದು?"