ಕನಸಿಗೆ ಬಂದ ರಾಗ, ಮನೆಗೆ ಬಾರದ ಸಿಲಿಂಡರ್

ನಮ್ಮ ಬೀದಿಯ ಯಹೂದಿ ಪ್ರಾರ್ಥನಾ ಮಂದಿರದ, ಅಂದರೆ ಸಿನಗಾಗಿನ, ಗೋಡೆಗೆ ನನ್ನ ಹೆಸರಿನದೊಂದು ಹಿತ್ತಾಳೆ ಫಲಕ ಏರಲೇಬೇಕೆಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಅರವತ್ತಮೂರನೆಯ ವಯಸ್ಸಿನಲ್ಲಿ, ಕನ್ನಡಿಯ ಮುಂದೆ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಯಾಕಿರಬಾರದು ಹೇಳಿ? ಫ್ಯಾನು ಕೊಟ್ಟವರ ಫಲಕವಿದೆ. ಕೈ ತೊಳೆಯುವ ನಲ್ಲಿ ಹಾಕಿಸಿದವರ ಫಲಕವಿದೆ. ಬಾಗಿಲಿನ ಚಿಲಕ ಕೊಟ್ಟವರಿಗೂ ಒಂದು ಫಲಕವಿದೆ, ಅದು ಚಿಲಕಕ್ಕಿಂತ ದೊಡ್ಡದು! ಮೂರು ತಲೆಮಾರಿನಿಂದ ಬೆಲೆಂ ಊರಿನಲ್ಲಿ ಬೇರುಬಿಟ್ಟಿರುವ ಒಬಾದಿಯಾ ಮನೆತನದ ಹೆಸರಿನಲ್ಲಿ ಮಾತ್ರ ಆ ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಮೆಯಿರ್ ಒಬಾದಿಯಾ, ನಿನ್ನ ಕಾಲ ಬಂತು ಎಂದು ನನಗೆ ನಾನೇ ಹೇಳಿಕೊಂಡೆ.

ಕಾಲ ನಿಜವಾಗಿಯೂ ಬಂದಿತ್ತು. ವರ್ಷವಿಡೀ ವಾರವಾರ ಓದಿದ ನಮ್ಮ ಧರ್ಮಗ್ರಂಥ ತೋರಾ ಮುಗಿದು, ಅದೇ ದಿನ ಮತ್ತೆ ಮೊದಲಿನಿಂದ ಶುರುವಾಗುವ ಹಬ್ಬ ನಮ್ಮದು. ಅಂದು ಬೆಳ್ಳಿ ಗೆಜ್ಜೆ ಕಟ್ಟಿದ ಗ್ರಂಥದ ಸುರುಳಿಗಳನ್ನು ಎದೆಗವಚಿಕೊಂಡು ಕುಣಿಯುತ್ತೇವೆ. ಕೊನೆಯ ಭಾಗ ಓದುವಾಗ ಯಾರನ್ನು ಕರೆಯುತ್ತಾರೋ ಅವನಿಗೆ ‘ತೋರಾದ ಮದುಮಗ’ ಎಂಬ ಬಿರುದು. ಆ ವರ್ಷದ ಮದುಮಗ ನಾನು! ಮದುಮಗನಾದವನು ಸಿನಗಾಗಿಗೆ ಏನಾದರೂ ಕಾಣಿಕೆ ಕೊಡಬೇಕು, ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಊಟ ಹಾಕಬೇಕು. ನಾನು ಈ ಸುದ್ದಿ ತಂದಾಗ ನನ್ನ ಹೆಂಡತಿ ಸಿಮಿ ಈರುಳ್ಳಿ ಹೆಚ್ಚುತ್ತಿದ್ದಳು.

"ಎಷ್ಟು ಜನ?"

"ನಲವತ್ತು."

"ಮದುಮಗ ನೀನು, ಅಡುಗೆಯವಳು ನಾನು," ಎಂದಳು ಸಿಮಿ. "ಮೊದಲನೇ ಮದುವೆನೂ ಹೀಗೇ ಶುರುವಾಗಿದ್ದು."

ಆದರೂ ಒಪ್ಪಿಕೊಂಡಳು. ರವೆಯಂಥ ಕುಸ್ಕುಸ್, ತಾಂಬಾಕಿ ಮೀನು, ಒಣದ್ರಾಕ್ಷಿ ಬಾದಾಮಿ ಹಾಕಿದ ಮಾಂಸ, ಎಲ್ಲ ಅವಳ ಪಾಲಿಗೆ. ನನ್ನ ಪಾಲಿಗೆ ಒಂದೇ ಒಂದು ಕೆಲಸ: ಹಬ್ಬಕ್ಕೆ ಮುಂಚೆ ಒಂದು ತುಂಬಿದ ಗ್ಯಾಸ್ ಸಿಲಿಂಡರ್ ತೆಗೆದುಕೊಳ್ಳುವುದು. ಹಬ್ಬದ ಎರಡು ದಿನ ನಾವು ಹೊಸದಾಗಿ ಬೆಂಕಿ ಹಚ್ಚುವಂತಿಲ್ಲ. ಮೊದಲೇ ಹಚ್ಚಿಟ್ಟ ಉರಿಯಲ್ಲಿ ಬೇಯಿಸಿಕೊಳ್ಳಬಹುದು. ಹಾಗಾಗಿ ಒಲೆ ಎರಡು ದಿನವೂ ಆರದೆ ಉರಿಯುತ್ತಿರಬೇಕು. ಮನೆಯಲ್ಲಿದ್ದ ಸಿಲಿಂಡರನ್ನು ಸಿಮಿ ಒಂದು ಕೈಯಲ್ಲಿ ಎತ್ತಿ ತೋರಿಸಿದಳು. ಅಷ್ಟು ಹಗುರವಾಗಿತ್ತು ಅದು.

ಗ್ಯಾಸಿನ ಲಾರಿ ಮಧ್ಯಾಹ್ನ ಎರಡೂವರೆಗೆ ಬಂದು ನಮ್ಮ ಗೇಟಿನ ಎದುರಿಗೇ ಮಾವಿನ ಮರದ ಕೆಳಗೆ ನಿಲ್ಲುತ್ತದೆ. ಎದ್ದು ಹೋಗಿ ಖಾಲಿ ಕೊಟ್ಟು ತುಂಬಿದ್ದು ತಂದರೆ ಮುಗಿಯಿತು. ಇಷ್ಟು ವರ್ಷ ಈ ಕೆಲಸ ಸಿಮಿಯೇ ಮಾಡುತ್ತಿದ್ದಳು. ನಾನು ಆಗ ಬಂದರಿನ ಕಚೇರಿಯಲ್ಲಿರುತ್ತಿದ್ದೆ. ಮನೆಗೆ ಗ್ಯಾಸ್ ಹೇಗೆ ಬರುತ್ತಿತ್ತೋ ನನಗೆ ಗೊತ್ತಿರಲಿಲ್ಲ, ಬರುತ್ತಿತ್ತು, ಅಷ್ಟೇ. ಆಗಸ್ಟಿನಲ್ಲಿ ನಾನು ನಿವೃತ್ತನಾದೆ. ಗಂಡ ಮನೆಯಲ್ಲಿರುತ್ತಾನಲ್ಲ ಎಂಬ ಧೈರ್ಯದ ಮೇಲೆ ಅವಳು ಬಟ್ಟೆ ಅಂಗಡಿಯಲ್ಲಿ ಸಂಜೆ ಐದರವರೆಗೂ ಕೆಲಸ ಒಪ್ಪಿಕೊಂಡಿದ್ದಳು. ಆ ಧೈರ್ಯ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು.

ನನ್ನ ಚಿಂತೆಯೇ ಬೇರೆ. ಏನು ಕಾಣಿಕೆ ಕೊಡಲಿ? ಯಾರೂ ಕೊಡದಂಥದ್ದು ಆಗಬೇಕು. ಹೀಗೆ ಯೋಚಿಸುತ್ತ ಸೋಮವಾರ ಊಟ ಮುಗಿಸಿ ವರಾಂಡದ ಜೋಲಿಯಲ್ಲಿ ಒರಗಿದೆ. ಬೆಲೆಂನ ಮಧ್ಯಾಹ್ನ ನಿಮಗೆ ಗೊತ್ತಲ್ಲ. ಗಾಳಿ ನಿಂತಿರುತ್ತದೆ, ಆಕಾಶ ಮಳೆಗೆ ತಯಾರಾಗುತ್ತ ಕಪ್ಪಾಗಿರುತ್ತದೆ, ನದಿಯ ಕಡೆಯಿಂದ ಹಸಿ ಮಣ್ಣಿನ ವಾಸನೆ ತೇಲಿ ಬರುತ್ತದೆ. ಜೋಲಿ ಎರಡು ಸಲ ತೂಗಿತು. ಮೂರನೆಯ ಸಲ ನಾನು ಇರಲಿಲ್ಲ.

ಕನಸಿನಲ್ಲಿ ನದಿ ನಮ್ಮ ಬೀದಿಯಲ್ಲೇ ಹರಿಯುತ್ತಿತ್ತು. ನೀರಿನ ಮೇಲೆ ನಿಧಾನಕ್ಕೆ ಒಂದು ದೋಣಿ ಬಂತು. ದೋಣಿಯಲ್ಲಿ ಬಿಳಿಗಡ್ಡದ ನಮ್ಮಜ್ಜ. ಅವರ ಸುತ್ತ ನೀಲಿ ಹೊದಿಕೆಯ ಸುರುಳಿಗಳು ಸಾಲಾಗಿ ನಿಂತು ಅಲ್ಲಾಡುತ್ತಿದ್ದವು, ಅವುಗಳ ಬೆಳ್ಳಿ ಗೆಜ್ಜೆ ಒಂದಕ್ಕೊಂದು ತಾಗಿ ಠಣ್ ಠಣ್ ಎನ್ನುತ್ತಿದ್ದವು. ಜೊತೆಗೆ ಒಂದು ರಾಗ! ಸಣ್ಣದಾಗಿ ದೂರದಿಂದ ಶುರುವಾಗಿ, ಹತ್ತಿರ ಬರುತ್ತ ದೊಡ್ಡದಾಗಿ, ನಮ್ಮ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಸಂತೆಯ ಕಡೆಗೆ ಕರಗುತ್ತ ಹೋಯಿತು. ಅಜ್ಜ ಕೈ ಬೀಸಿ ಕರೆಯುತ್ತಿದ್ದರು. ಎಚ್ಚರವಾದಾಗ ಮಳೆ ಬರುತ್ತಿತ್ತು, ನನ್ನ ಕೆನ್ನೆಯೂ ಒದ್ದೆಯಾಗಿತ್ತು. ಅದು ಮಳೆ ಹನಿಯಲ್ಲ.

ಐದು ಗಂಟೆಗೆ ಸಿಮಿ ಬಂದು ಲಾರಿ ಬಂತಾ ಎಂದು ಕೇಳಿದಳು. ಬರಲಿಲ್ಲ ಎಂದೆ. ಒಂದು ರೀತಿ ನಿಜವೇ, ನಾನಂತೂ ನೋಡಿರಲಿಲ್ಲ.

ಮಂಗಳವಾರವೂ ರಾಗ ಬಂತು, ಲಾರಿ ಬರಲಿಲ್ಲ. ಬುಧವಾರ ರಾಗಕ್ಕೆ ಎರಡನೆಯ ಸಾಲು ಸೇರಿತು. ಶುಕ್ರವಾರದ ಹೊತ್ತಿಗೆ ಇಡೀ ರಾಗ ನನ್ನ ಕೈಯಲ್ಲಿತ್ತು, ತುಂಬಿದ ಸಿಲಿಂಡರ್ ಇರಲಿಲ್ಲ. ಅಷ್ಟರಲ್ಲಿ ನನಗೆ ಎಲ್ಲ ಸ್ಪಷ್ಟವಾಗಿತ್ತು. ಫ್ಯಾನು, ನಲ್ಲಿ, ಚಿಲಕ ಯಾರಿಗೆ ಬೇಕು? ನಾನು ಕೊಡುವುದು ಸ್ವರ್ಗದಿಂದ ಇಳಿದ ರಾಗ! ನಮ್ಮ ಪ್ರಾರ್ಥನೆಯ ಮುಕ್ತಾಯದ ಸ್ತೋತ್ರ ಬಹಳ ಒಳ್ಳೆಯ ಸ್ವಭಾವದ್ದು, ಯಾವ ರಾಗ ಹಾಕಿದರೂ ತಕರಾರಿಲ್ಲದೆ ಕೂತುಕೊಳ್ಳುತ್ತದೆ. ಇದಕ್ಕಂತೂ ಹೊಲಿಸಿದ ಅಂಗಿಯಂತೆ ಕೂತಿತು. ಸಿಮಿಗೆ ಅಚ್ಚರಿ ಆಗಲೆಂದು ಮನೆಯಲ್ಲಿ ಒಂದು ಸ್ವರವನ್ನೂ ಗುನುಗಲಿಲ್ಲ.

ಪ್ರಾರ್ಥನೆ ಹಾಡಿಸುವ ಹಿರಿಯರು ಹಜಾನ್ ಬೆಂದಾಯಾನ್. ಎಂಬತ್ತೊಂದು ವಯಸ್ಸು, ಕಿವಿ ಸ್ವಲ್ಪ ಮಂದ. ಅವರಿಗೂ, ಹಗಲೆಲ್ಲ ಅಂಗಡಿ ಕಚೇರಿಗಳಲ್ಲಿರುವ ನಮ್ಮ ಆರು ಜನ ಗಂಡಸರ ಹಾಡುವ ತಂಡಕ್ಕೂ ರಾಗ ಕೇಳಿಸಿದೆ. ಆರೂ ಜನ ತಲೆದೂಗಿದರು. ಹಜಾನ್ ಮಾತ್ರ ಹುಬ್ಬು ಗಂಟಿಕ್ಕಿ ಕೂತರು.

"ಎಲ್ಲೋ ಕೇಳಿದ ಹಾಗಿದೆಯಲ್ಲೋ, ಮೆಯಿರ್."

"ದೊಡ್ಡ ರಾಗಗಳೆಲ್ಲ ಹಾಗೇನೇ, ಹಜಾನ್," ಎಂದೆ ನಾನು ಕಣ್ಣು ಅರ್ಧ ಮುಚ್ಚಿ. "ಹುಟ್ಟೋಕೆ ಮುಂಚೇನೇ ಕೇಳಿರ್ತೀವಿ."

ಹಬ್ಬದ ಹಿಂದಿನ ಸಂಜೆ ಸಿಮಿ ಆ ಹಗುರ ಸಿಲಿಂಡರಿನಿಂದಲೇ ಒಲೆ ಹಚ್ಚಿದಳು. ಉರಿ ಸಣ್ಣಗೆ ಮಾಡಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ನಲವತ್ತು ಜನರ ಮುಂದೆ ಅರೆಬೆಂದ ಅಡುಗೆ ಬಡಿಸಿದರೆ ತಾನು ಈ ಬೀದಿಯಲ್ಲಿ ಹೇಗೆ ಓಡಾಡಲಿ ಎಂದಳು. ಸಾಕಾಗುತ್ತೆ ಬಿಡು, ಲಾರಿ ಬರದಿದ್ದರೆ ನಾನೇನು ಮಾಡಲಿ ಎಂದು ಸಮಾಧಾನ ಹೇಳಿದೆ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಪಾಪ, ಅವಳು ನಂಬಿದಳು.

ಎರಡನೆಯ ದಿನ ನನ್ನ ಮಹಾದಿನ. ತೋರಾದ ಕೊನೆಯ ಮಾತು ಓದಿ, ಅದೇ ಉಸಿರಿನಲ್ಲಿ ಮೊದಲ ಮಾತು ಓದಿದರು. ನನ್ನ ತಲೆಯ ಮೇಲೆ ಬಿಳಿ ಶಾಲು ಹಿಡಿದಿದ್ದರು. ಗಂಡಸರು ಸುರುಳಿಗಳನ್ನು ಎತ್ತಿಕೊಂಡರು, ಬೆಳ್ಳಿ ಗೆಜ್ಜೆ ಝಲ್ಲೆಂದವು, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ಕೂಡ ಚಿನ್ನದ ಹಾಗೆ ತೇಲುತ್ತಿತ್ತು. ನನಗೆ ಇದು ಕನಸೋ ಎಚ್ಚರವೋ ಗೊತ್ತಾಗದಾಯಿತು. ಹಜಾನ್ ಸನ್ನೆ ಮಾಡಿದರು. ನಾವು ನನ್ನ ರಾಗದಲ್ಲಿ ಸ್ತೋತ್ರ ಎತ್ತಿದೆವು.

ಮೇಲ್ಮಹಡಿಯಲ್ಲಿ ಹೆಂಗಸರು ಕೂರುವ ಅಂಕಣದಲ್ಲಿ ಸಂಚಲನವಾಯಿತು. ಭಕ್ತಿ ಎಂದುಕೊಂಡೆ. ಅಷ್ಟೂ ಹೆಂಗಸರು ಒಟ್ಟಿಗೆ ತಲೆ ತಿರುಗಿಸಿ ಬೀದಿಯ ಕಿಟಕಿಯತ್ತ ನೋಡಿದರು. ದೇವದೂತರನ್ನು ಹುಡುಕುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಒಬ್ಬಳು ಸೆರಗಿನಂಥ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು, ಇನ್ನೊಬ್ಬಳು ಅವಳ ಭುಜಕ್ಕೆ ಒರಗಿದಳು, ಇಡೀ ಅಂಕಣ ಕುಲುಕತೊಡಗಿತು. ಸಿಮಿ ಒಬ್ಬಳು ನಗಲಿಲ್ಲ. ಕಂಬಿ ಹಿಡಿದು ಬಗ್ಗಿ ನನ್ನನ್ನೇ ನೋಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ನೋಟವನ್ನು ನಾನು ಎರಡೇ ಸಲ ಕಂಡಿದ್ದೇನೆ. ಮರುಕ್ಷಣ ಅವಳು ಅಲ್ಲಿರಲಿಲ್ಲ.

ಗಂಡಸರಿಗೆ ಇದರ ಪರಿವೆಯೇ ಇಲ್ಲ. ಹಾಡುತ್ತ ಕುಣಿಯುತ್ತ ಗೇಟು ದಾಟಿ ಬೀದಿಗೇ ಬಂದೆವು. ನೋಡಿದರೆ ಇಡೀ ಬೀದಿ ನಮ್ಮನ್ನು ಎದುರುಗೊಳ್ಳಲು ನಿಂತಿದೆ! ಎಲ್ಲರಿಗಿಂತ ಮುಂದೆ ನಮ್ಮ ಪಕ್ಕದ ಮನೆಯ ದೋನಾ ರೈಮುಂಡಾ. ಅವಳ ಸೊಂಟದ ಮೇಲೆ ಖಾಲಿ ಸಿಲಿಂಡರ್. ಹಿಂದೆ ಕ್ಷೌರದಂಗಡಿಯವನು, ಹೆಗಲ ಮೇಲೆ ಸಿಲಿಂಡರ್. ಅವನ ಹಿಂದೆ ಇನ್ನೂ ಏಳೆಂಟು ಮಂದಿ, ಎಲ್ಲರ ಬಳಿಯೂ ಸಿಲಿಂಡರ್.

ದೋನಾ ರೈಮುಂಡಾ ನಮ್ಮ ಸುರುಳಿಗಳ ಹಿಂದೆ ಇಣುಕಿ ನೋಡಿದಳು. "ಲಾರಿ ಎಲ್ಲಿ?"

"ಯಾವ ಲಾರಿ?" ಎಂದೆ.

"ಗ್ಯಾಸಿನ ಲಾರಿ. ಅದರ ಹಾಡು ಕೇಳಿಸ್ತಲ್ಲ, ಅದಕ್ಕೇ ಓಡಿ ಬಂದ್ವಿ."

ನನ್ನ ಕಾಲ ಕೆಳಗಿನ ಬೀದಿ ಮತ್ತೆ ನದಿಯಾಯಿತು. ಅಜ್ಜನ ದೋಣಿಗೆ ನಾಲ್ಕು ಚಕ್ರ ಬಂದವು. ನೀಲಿ ಹೊದಿಕೆಯ ಸುರುಳಿಗಳು ನೀಲಿ ಬಣ್ಣದ ಸಿಲಿಂಡರುಗಳಾದವು. ಆ ಬೆಳ್ಳಿ ಗೆಜ್ಜೆಯ ಠಣ್ ಠಣ್ ಯಾವುದೆಂದು ಬಿಡಿಸಿ ಹೇಳಬೇಕೆ? ಸ್ವರ್ಗವೇನೋ ಐದು ದಿನ ನಮ್ಮ ಗೇಟಿಗೆ ಬಂದಿತ್ತು, ಖಾಲಿ ಕೊಟ್ಟು ತುಂಬಿದ್ದು ಕೊಂಡೊಯ್ಯಿ ಎಂದು.

ಅಷ್ಟರಲ್ಲಿ ಪಕ್ಕದ ಬೀದಿಯಿಂದ ನಿಜವಾದ ಲಾರಿ ಅದೇ ರಾಗ ಹಾಡುತ್ತ ನುಗ್ಗಿ ಬಂತು. ಲಾರಿ ಓಡಿಸುವ ಎಡಿನಾಲ್ಡೊ ಊಟಕ್ಕೆ ಕೂತಿದ್ದವನು ಕೈ ಕೂಡ ತೊಳೆಯದೆ ಬಂದಿದ್ದ. ತನ್ನ ಬೀದಿಯಲ್ಲಿ ಗ್ಯಾಸ್ ಮಾರುತ್ತಿರುವವನು ಯಾರು ಎಂದು ಜಗಳಕ್ಕೇ ಇಳಿದ. ಇಳಿದವನು ಗಡ್ಡದ ಮುದುಕರು, ಬೆಳ್ಳಿ ಗೆಜ್ಜೆ, ಬಿಳಿ ಶಾಲುಗಳನ್ನು ಕಂಡು ಟೋಪಿ ತೆಗೆದ. ನಮ್ಮವರೋ, ಲಾರಿಯ ರಾಗ ಸಿಕ್ಕಿದ ಹುಮ್ಮಸ್ಸಿನಲ್ಲಿ ಅದರ ಜೊತೆಗೇ ಹಾಡತೊಡಗಿದರು. ಎಡಿನಾಲ್ಡೊ ಸಿನಗಾಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರು.

"ನನ್ನ ಹೆಂಡತಿ ಕಟ್ಟಿದ ರಾಗ ಇದು, ಯಜಮಾನ್ರೇ," ಎಂದ ಹಜಾನರಿಗೆ. "ಅವಳೇ ನುಡಿಸಿ ಲಾರಿಗೆ ಹಾಕಿಕೊಟ್ಟಿದ್ದಳು. ತೀರಿಹೋಗಿ ನಾಲ್ಕು ವರ್ಷ ಆಯ್ತು. ಜನ ಇದನ್ನ ಕೇಳಿ ಗ್ಯಾಸ್ ತಗೊಳ್ಳೋಕೆ ಬರ್ತಾರೆ. ಹಾಡಿದವರನ್ನ ಇವತ್ತೇ ನೋಡಿದ್ದು."

ಯಾರೂ ನಗಲಿಲ್ಲ. ಹಜಾನ್ ಅವಳ ಹೆಸರು ಕೇಳಿದರು. ಲಿಂಡಾಲ್ವಾ ಎಂದ. ಹಾಗಾದರೆ ಲಿಂಡಾಲ್ವಾಗಾಗಿ ಇನ್ನೊಮ್ಮೆ ಎಂದರು ಹಜಾನ್. ಲಾರಿಯ ಸದ್ದು ನಿಲ್ಲಿಸಿ, ನಡುಬೀದಿಯಲ್ಲಿ ಮೆಲ್ಲಗೆ ಹಾಡಿದೆವು. ಸಿಲಿಂಡರ್ ಹೊತ್ತವರೂ ಅದನ್ನು ಕೆಳಗಿಟ್ಟು ನಿಂತರು. ಸತ್ಯ ಹೇಳುತ್ತೇನೆ, ನನ್ನ ಕನಸಿಗಿಂತ ಆ ಹಾಡು ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು.

ಹಾಡು ಮುಗಿಯುವಾಗ ಸಿಮಿ ಮನೆಯ ಕಾಂಪೌಂಡಿನ ಬಳಿ ಕಾಣಿಸಿಕೊಂಡಳು. ಅವಳ ಮುಖ ನೋಡಿಯೇ ತಿಳಿಯಿತು, ಒಲೆ ಆರಿದೆ. ಮೀನು ಅರೆಬೆಂದಿದೆ, ಮಾಂಸ ಹಾಗೇ ಇದೆ, ನಲವತ್ತು ಹೊಟ್ಟೆ ಗೇಟಿನಲ್ಲಿ ನಿಂತಿವೆ. ಹಬ್ಬದ ದಿನ ಅವಳು ಬೆಂಕಿ ಹಚ್ಚುವಂತಿಲ್ಲ, ಹಚ್ಚಿಕೊಡಿ ಎಂದು ಬೇರೆ ಧರ್ಮದ ನೆರೆಯವರಿಗೂ ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ನಿಟ್ಟುಸಿರು ಬಿಡಬಾರದೆಂದು ಎಲ್ಲೂ ಬರೆದಿಲ್ಲ. ಸಿಮಿ ದೋನಾ ರೈಮುಂಡಾಳ ಪಕ್ಕ ಹೋಗಿ ನಿಂತು, ಆಕಾಶ ನೋಡುತ್ತ, ಮೂರು ಮನೆ ಆಚೆಗೆ ಕೇಳುವಂಥ ಒಂದು ನಿಟ್ಟುಸಿರು ಬಿಟ್ಟಳು.

ಮೂವತ್ತು ವರ್ಷದ ನೆರೆಯವಳಿಗೆ ಅಷ್ಟು ಸಾಕು. ದೋನಾ ರೈಮುಂಡಾ ಆಗಷ್ಟೇ ಲಾರಿಯಿಂದ ಇಳಿಸಿಕೊಂಡಿದ್ದ ತುಂಬಿದ ಸಿಲಿಂಡರನ್ನು ಎತ್ತಿ ನಮ್ಮ ಮನೆಯತ್ತ ನಡೆದಳು.

"ನನ್ನ ಒಲೆ ಇವತ್ತು ಯಾಕೋ ಮುನಿಸಿಕೊಂಡಿದೆ," ಎಂದಳು ಯಾರಿಗೂ ಹೇಳದವಳಂತೆ. "ಒಂದು ಲೋಟ ಕಾಫಿ ನಿಮ್ಮ ಒಲೇಲಿ ಮಾಡ್ಕೋತೀನಿ. ಆರಿಸೋದು ಮರೆತ್ರೆ ಬೇಜಾರು ಮಾಡ್ಕೋಬೇಡ."

ಹಜಾನ್ ಬೆಂದಾಯಾನ್ ಆ ಹೊತ್ತಿಗೆ ಸರಿಯಾಗಿ ಮಾವಿನ ಮರದಲ್ಲಿ ಕಾಯಿ ಎಷ್ಟಿವೆ ಎಂದು ನೋಡಲು ತಿರುಗಿದರು.

ಊಟ ಒಂದು ಗಂಟೆ ತಡವಾಯಿತು, ಆದರೆ ಅದ್ಭುತವಾಗಿತ್ತು. ಸಿಮಿಯ ಮರ್ಯಾದೆ ಉಳಿಯಿತು. ಮದುಮಗನಿಗೆಂದು ಹೂವಿನಿಂದ ಸಿಂಗರಿಸಿದ್ದ ಕುರ್ಚಿಯಲ್ಲಿ ಹಜಾನ್ ಎಡಿನಾಲ್ಡೊನನ್ನು ಕೂರಿಸಿದರು. ಮದುಮಗ ನೀರು ಬಡಿಸಿದ. ಎಡಿನಾಲ್ಡೊ ಎರಡನೆಯ ಸಲ ಕುಸ್ಕುಸ್ ಹಾಕಿಸಿಕೊಳ್ಳುತ್ತ ನನ್ನ ಮುಖವನ್ನು ದಿಟ್ಟಿಸಿ ನೋಡಿದ.

"ಜೋಲಿಯಲ್ಲಿ ಮಲಗ್ತಿದ್ದವರು ನೀವೇ ಅಲ್ವಾ? ಐದು ದಿನವೂ ನಿಮ್ಮ ಗೇಟಿನ ಮುಂದೇನೇ ನಿಲ್ಲಿಸಿದ್ದೆ. ನಿದ್ದೇಲಿ ಮುಖದ ಮೇಲೆ ಅಷ್ಟು ಸಂತೋಷ ಇತ್ತು, ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ನಲವತ್ತು ಚಮಚಗಳು ಒಟ್ಟಿಗೆ ನಿಂತವು. ಸಿಮಿ ಸೌಟನ್ನು ಮೆಲ್ಲಗೆ ಪಾತ್ರೆಯೊಳಗೆ ಇಟ್ಟಳು.

"ಐದು ದಿನವೂ ಲಾರಿ ಬರಲೇ ಇಲ್ಲ ಅಂದಿದ್ದ, ನನ್ನ ಮದುಮಗ," ಎಂದಳು. "ರಾಗ ಮಾತ್ರ ನಡೆದುಕೊಂಡು ಬಂತೇನೋ."

ಈಗ ನಾನು ಮಧ್ಯಾಹ್ನ ಮಲಗುವುದಿಲ್ಲ. ಬೀದಿಯ ಅಷ್ಟೂ ಮನೆಗಳ ಸಿಲಿಂಡರ್ ಹೊರುವ ಭಾರ ಹೆಂಗಸರೆಲ್ಲ ಸೇರಿ ನನ್ನ ಮೇಲೆ ಹಾಕಿದ್ದಾರೆ. ಆ ರಾಗವನ್ನು ಪ್ರತಿ ವರ್ಷ ಹಾಡುತ್ತೇವೆ. ಇನ್ನು ಫಲಕ? ಹೇಳಿದ ಮಾತು ನಡೆಸಿಕೊಟ್ಟಿದ್ದೇನೆ, ಫಲಕ ಏರಿದೆ. ಚಿಲಕದ ಫಲಕಕ್ಕಿಂತಲೂ ದೊಡ್ಡದು. ಅದರಲ್ಲಿ ಏನು ಬರೆಯಬೇಕೆಂದು ಹಜಾನ್ ಕೇಳಿದ್ದು ಸಿಮಿಯನ್ನು. ಮೇಲಿನ ಸಾಲಿನಲ್ಲಿ, ‘ರಾಗ: ಲಿಂಡಾಲ್ವಾ.’ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ, ‘ಕೇಳಿಸಿಕೊಂಡವರು: ಮೆಯಿರ್ ಒಬಾದಿಯಾ, ನಿದ್ದೆಯಲ್ಲಿ.’