ಕರಿ ಸರದಾರನೂ ನಮ್ಮ ಮಾವನವರೂ

ಸಂಸಾರಸ್ಥನಾದವನು ಹೆಂಡತಿಯ ಎದುರು 'ಮುಗೀತು' ಎಂಬ ಮಾತನ್ನು ಬಹಳ ಯೋಚಿಸಿ ಆಡಬೇಕು. ಮನೆಗೆ ಸುಣ್ಣಬಣ್ಣ ಮುಗೀತು ಎಂದ ಮಾರನೆಯ ದಿನವೇ ಬಚ್ಚಲ ಗೋಡೆ ಚಕ್ಕೆ ಏಳುತ್ತದೆ. ಮದುವೆ ಊಟಗಳೆಲ್ಲ ಮುಗೀತು, ನಾಳೆಯಿಂದ ಪಥ್ಯ ಎಂದ ಸಂಜೆಯೇ ಯಾರೋ ಸೀಮಂತಕ್ಕೆ ಕರೆಯಲು ಬಾಗಿಲಲ್ಲಿ ನಿಂತಿರುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಕಳೆದ ದಸರೆಯ ಹೊತ್ತಿಗೆ ಕೈ ಕೊಡವಿಕೊಂಡು ಎದ್ದು, "ಅಂತೂ ಆಟ ಮುಗೀತು ಕಣೇ ರತ್ನಾ, ಇನ್ಮೇಲೆ ಟಿವಿ ನಿಂದು" ಎಂದುಬಿಟ್ಟೆ. ಅವಳು ಆ ಸಂತೋಷಕ್ಕೆ ಒಬ್ಬಟ್ಟು ಬೇರೆ ಮಾಡಿದಳು. ನಾನು ತಿಂದೂಬಿಟ್ಟೆ.

ಆಟವೆಂದರೆ ವಿಡಿಯೊ ಗೇಮು. ಮಗಳು ಹಾಸ್ಟೆಲಿಗೆ ಹೋಗುವಾಗ "ಧೂಳು ಹಿಡಿಯೋಕೆ ಬಿಡಬೇಡಿ ಅಪ್ಪಾ" ಎಂದು ಹೇಳಿ ಬಿಟ್ಟುಹೋದ ಯಂತ್ರ. ನಾನು ಧೂಳು ಹಿಡಿಯಲು ಬಿಡಲಿಲ್ಲ. ಆಟದಲ್ಲಿ ನಾನೊಬ್ಬ ಕತ್ತಿ ಹಿಡಿದ ವೀರ. ಹಾಳುಬಿದ್ದ ಕೋಟೆ, ಮಂಜು, ರಾಕ್ಷಸರು. ಆದರೆ ವೀರನೆನ್ನುವುದು ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮಾತ್ರ. ಒಳಗೆ ಹೋದರೆ ಕಪ್ಪೆಯಂಥ ಪ್ರಾಣಿಯೂ ಬಂದು ಹೊಡೆದು ಹೋಗುತ್ತದೆ. ಸತ್ತಾಗಲೆಲ್ಲ ಪರದೆ ಕಪ್ಪಾಗಿ, ನೀವು ಮೊದಲಿದ್ದ ಜಾಗದಲ್ಲೇ ಮತ್ತೆ ಎದ್ದು ನಿಲ್ಲುತ್ತೀರಿ. ಶಿಕಾರಿಪುರದ ಸುತ್ತಮುತ್ತ ಜಮೀನು ಅಳೆಯುವ ಸರ್ವೇಯರ್ ನಾನು. ಹಗಲೆಲ್ಲ ಈಸೂರು ಕಡೆಯ ಬದುಗಳ ಮೇಲೆ ನಿಂತು, ಜಗಳ ಆಡುವ ಅಣ್ಣನಿಂದಲೂ ಬೈಸಿಕೊಂಡು, ತಮ್ಮನಿಂದಲೂ ಬೈಸಿಕೊಂಡು, "ಆಯ್ತು ಯಜಮಾನ್ರೇ" ಎಂದು ಗಡಿಕಲ್ಲು ತೋರಿಸಿ ಬರುವವನು. ಸಂಜೆ ಒಂದಿಷ್ಟು ಕತ್ತಿ ಬೀಸಿದರೆ ಮನಸ್ಸಿಗೆ ಹಿತ ಎಂದುಕೊಂಡಿದ್ದೆ. ಇಲ್ಲಿಯೂ ಹೊಡೆಸಿಕೊಳ್ಳುವುದೇ ಆಯಿತು, ಆದರೆ ಬೈಗುಳ ಇರಲಿಲ್ಲ, ಅಷ್ಟು ಲಾಭ.

ಒಬ್ಬಟ್ಟು ಅರಗುವ ಮೊದಲೇ ಅದೇ ಆಟಕ್ಕೆ ಹೊಸ ವಿಸ್ತರಣೆ ಬಂದಿದೆಯೆಂಬ ಸುದ್ದಿ ಪರದೆಯ ಮೇಲೆ ಮಿನುಗಿತು. ಇಳಿಸಿಕೊಂಡರೆ ಹೊಸ ಊರು, ಹೊಸ ಕಾಡು, ಹೊಸ ಮೃಗ. ನಾನು ಇಳಿಸಲು ಹಾಕಿದೆ. ನಮ್ಮ ಬೀದಿಯ ನೆಟ್‌ವರ್ಕಿನಲ್ಲಿ ಅದು ನಿಧಾನವಾಗಿ, ಸೋರುವ ನಲ್ಲಿಯ ಕೆಳಗೆ ಕೊಡ ತುಂಬಿದ ಹಾಗೆ ತುಂಬತೊಡಗಿತು. ರತ್ನ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ರೀ, ಮುಗೀತು ಅಂದ್ರಲ್ಲ?"

"ಆಟ ಮುಗೀತು ಕಣೇ. ಇದು ವಿಸ್ತರಣೆ. ಆಟ ಅನ್ನೋದು ಮೂಲ ಸರ್ವೆ ನಂಬರು ಅಂತ ಇಟ್ಕೋ. ಇದು ಆಮೇಲೆ ಅದ್ರಲ್ಲೇ ಬಿದ್ದ ಹಿಸ್ಸಾ, ಒಂದು ತುಂಡು."

"ಹಿಸ್ಸಾ ಅಲ್ಲ ರೀ, ಇದು ಒತ್ತುವರಿ. ನನ್ನ ಧಾರಾವಾಹಿ ಜಾಗದಲ್ಲಿ ಬೇಲಿ ಹಾಕ್ತಿದೀರಿ" ಎಂದಳು. ಎಷ್ಟಾದರೂ ಸರ್ವೇಯರನ ಹೆಂಡತಿ.

ಆ ಒತ್ತುವರಿ ತೆರವಾಗದ ಸ್ಥಿತಿಯಲ್ಲಿರುವಾಗಲೇ ನಮ್ಮ ಮಾವನವರು ಬಂದಿಳಿದರು. ರತ್ನಳ ತವರು ಸೊರಬ ತಾಲ್ಲೂಕು, ಕುಬಟೂರಿನ ಹತ್ತಿರ. ಮಾವನವರಿಗೆ ಮೊಣಕಾಲಿನ ತೊಂದರೆ. ಕೆಲವು ತಿಂಗಳು ನಮ್ಮ ಮನೆಯಲ್ಲಿದ್ದು ಚಿಕಿತ್ಸೆ ಮಾಡಿಸಬೇಕೆಂದು ಮಗಳೇ ಕರೆತಂದಿದ್ದಳು. ಕಾಲಿಗಿಂತ ಹೆಚ್ಚು ಅವರಿಗೆ ನೋವಾಗಿದ್ದು ಆ ವರ್ಷದ ಹೋರಿ ಹಬ್ಬ ತಪ್ಪಿಹೋಗುತ್ತದಲ್ಲ ಎಂದು. ನಮ್ಮ ಕಡೆ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವುದೆಂದರೆ ಊರಿಗೂರೇ ಮೈಮರೆಯುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿ ಅಖಾಡದಲ್ಲಿ ಓಡಿಸುತ್ತಾರೆ. ಗಂಡುಹುಡುಗರು ಅಡ್ಡ ಬಿದ್ದು ಹಿಡಿದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಓಡಿಹೋದ ಹೋರಿಯೇ ಹೀರೊ. ಅದರ ಹೆಸರಿಗೆ ಬಾವುಟ, ಬನಿಯನ್, ಅಭಿಮಾನಿ ಬಳಗ. ಹಿಡಿಯಲು ಹೋಗಿ ಮಣ್ಣು ಮುಕ್ಕಿದವನ ಹೆಸರು ಯಾರಿಗೂ ಬೇಡ. ಮಾವನವರು ಹೋರಿ ಕಟ್ಟಿ ಮೆರೆದವರು. ನಾನು ಹೆಣ್ಣು ನೋಡಲು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹೋರಿ ಹಿಡಿದೀರೇನ್ರೀ?" ಎಂದು. ನಾನು, "ಇಲ್ಲ, ಅಳತೆ ಟೇಪು ಹಿಡಿದಿದೀನಿ" ಎಂದೆ. ಅವರು ಅಂದಿನಿಂದ ಇಂದಿನವರೆಗೂ ನನ್ನನ್ನು ಮರ್ಯಾದೆಯಿಂದಲೇ ಕಂಡಿದ್ದಾರೆ, ಆದರೆ ಗಂಡಸರ ಲೆಕ್ಕಕ್ಕೆ ಹಿಡಿದಿಲ್ಲ. ಒಮ್ಮೆಯಾದರೂ ಅವರ ಬಾಯಿಂದ ಭೇಷ್ ಎನ್ನಿಸಿಕೊಳ್ಳಬೇಕೆಂಬ ಆಸೆ ನನಗೆ ಮದುವೆಯಾದಾಗಿನಿಂದ ಇತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ.

ದೇವರೇ ಅವಕಾಶ ಕೊಟ್ಟ ಹಾಗಾಯಿತು. ಹೊಸ ವಿಸ್ತರಣೆಯ ಬಾಗಿಲಲ್ಲೇ ಒಂದು ಮೃಗ ನಿಂತಿತ್ತು. ಮನೆಯಷ್ಟು ಎತ್ತರ, ಕಪ್ಪು ಮೈ, ಬಾಗಿದ ಕೊಂಬು, ಮೊದಲು ಸತ್ತ ವೀರರ ಈಟಿ ಬಾವುಟಗಳೆಲ್ಲ ಬೆನ್ನಲ್ಲಿ ನೆಟ್ಟುಕೊಂಡು ಪಟಪಟ ಹಾರುತ್ತಿದ್ದವು. ಅದು ಕಾಲು ಕೆರೆದು ನುಗ್ಗಿತು. ಒಂದೇ ಗುಮ್ಮಿಗೆ ನಾನು ಹೋದೆ. ಹಿಂದಿನಿಂದ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಮಾವನವರು, "ಆಹಾಹಾ! ಏನ್ ಓಟ, ಏನ್ ಗತ್ತು!" ಎಂದರು. ನನಗೆ ಹೇಳಿದ್ದಲ್ಲ, ಅದಕ್ಕೆ.

"ಯಾವ ಊರಿಂದು ಇದು?"

"ಊರಿಲ್ಲ ಮಾವ, ಆಟದ್ದು."

"ಹೆಸರಾದ್ರೂ ಐತಾ?"

ಪರದೆಯ ಮೇಲೆ ಬಾಯಿ ತಿರುಗದ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮಾವನವರು ಅದನ್ನು ತಳ್ಳಿಹಾಕಿ, "ಕರಿ ಸರದಾರ" ಎಂದು ನಾಮಕರಣ ಮಾಡಿದರು. ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು.

ದಿನಾ ಸಂಜೆ ಕಾಫಿ ಕುಡಿದ ಕೂಡಲೇ, "ಬಿಡ್ರೀ ಅಳಿಯಂದ್ರೇ, ಹೋರಿ ಬಿಡ್ರಿ" ಎನ್ನುವರು. ಎದುರುಮನೆಯ ಹಾಲೇಶಣ್ಣ, ತೊಗರ್ಸಿ ಕಡೆಯವರು, ಗದ್ದಲ ಕೇಳಿ ಮೊದಲ ದಿನ ಕಿಟಕಿಯಲ್ಲಿ ಇಣುಕಿದರು, ಮರುದಿನ ಕುರ್ಚಿ ಸಮೇತ ಒಳಗೆ ಬಂದರು. ನಾನು ಪಕ್ಕಕ್ಕೆ ಉರುಳಿ ತಪ್ಪಿಸಿಕೊಂಡರೆ ಇಬ್ಬರೂ "ಛೇ!" ಎನ್ನುವರು. ಅದರ ಕೊಂಬಿಗೆ ಸಿಕ್ಕಿ ಮೇಲೆ ಹಾರಿದರೆ ಹಾಲೇಶಣ್ಣ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆಯುವರು. ನನ್ನ ಮನೆಯಲ್ಲಿ, ನನ್ನ ಸೋಫಾದ ಮೇಲೆ ಕೂತು, ನನ್ನ ಚಕ್ಕುಲಿ ತಿನ್ನುತ್ತಾ! ರತ್ನಳಾದರೂ ನನ್ನ ಕಡೆ ಇದ್ದಾಳೇನೋ ಎಂದು ನೋಡಿದರೆ, ಧಾರಾವಾಹಿ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತವಳು, "ಅಪ್ಪಾ, ಇವತ್ತು ಸರದಾರ ಸ್ವಲ್ಪ ಸುಸ್ತಾದ ಹಾಗಿಲ್ವಾ?" ಎಂದು ಕಳವಳದಿಂದ ಕೇಳಿದಳು. ಹನ್ನೆರಡು ಮೊಳದ ಕತ್ತಿಯಿಂದ ಅದನ್ನು ಸುಸ್ತು ಮಾಡಿದವನು ಅವಳ ಸ್ವಂತ ಗಂಡ.

ನನಗೆ ರೋಷ ಬಂತು. ಇವರೆಲ್ಲರ ಬಾಯಿ ಮುಚ್ಚಿಸಿ ಮಾವನವರಿಂದ ಭೇಷ್ ಎನ್ನಿಸಿಕೊಳ್ಳದಿದ್ದರೆ ನಾನು ಸರ್ವೇಯರನೇ ಅಲ್ಲ ಎಂದುಕೊಂಡೆ. ಅದು ಎಷ್ಟು ದೂರದಿಂದ ನುಗ್ಗುತ್ತದೆ, ಎಲ್ಲಿ ತಿರುಗುತ್ತದೆ, ಯಾವಾಗ ಉಸಿರು ಬಿಡುತ್ತದೆ, ಎಲ್ಲವನ್ನೂ ಹೊಲ ಅಳೆದ ಹಾಗೆ ಅಳೆದೆ. ಒಂದು ಭಾನುವಾರ, ಮೂವರೂ ಸಾಲಾಗಿ ಕೂತಿರುವಾಗ, ಎಲ್ಲ ಸರಿಯಾಗಿ ಕೂಡಿಬಂತು. ಸರದಾರ ಮಂಡಿಯೂರಿತು, ಒಮ್ಮೆ ಕೂಗಿತು, ಧಡ್ಡನೆ ಉರುಳಿ ಬೂದಿಯಾಗಿ ಹಾರಿಹೋಯಿತು. ನಾನು ಎದ್ದು ನಿಂತು, "ಹೊಡ್ದೆ! ಹೊಡ್ದೇಬಿಟ್ಟೆ!" ಎಂದು ಕಿರುಚಿದೆ.

ಹಾಲೇಶಣ್ಣ ಚಕ್ಕುಲಿಯನ್ನು ತಟ್ಟೆಗೆ ವಾಪಸ್ಸು ಹಾಕಿ, ಕುರ್ಚಿ ಎತ್ತಿಕೊಂಡು, "ಬರ್ತೀನ್ರೀ" ಎಂದು ಹೊರಟರು. ಮಾವನವರು ಕೂತಲ್ಲೇ ನನ್ನ ಕಡೆ ತಿರುಗಿದರು.

"ಕೊಂದೇ ಬಿಟ್ರಲ್ರೀ" ಎಂದರು.

"ಆಟ ಇರೋದೇ ಹಾಗಲ್ವಾ ಮಾವ..."

"ಕೊಬ್ಬರಿ ಹರಕೊಂಡ್ರೆ ಆಯ್ತಪ್ಪ, ಹೋರಿ ಸೋತಂಗೆ. ಅದು ಮನೀಗೆ ಹೋಗಿ ಹುರುಳಿ ತಿಂದು ಮುಂದಿನ ವರ್ಷ ಮತ್ತೆ ಬರ್ತದೆ. ಹೋರಿನ ಯಾರಾದ್ರೂ ಕೊಲ್ತಾರೇನ್ರೀ ಅಳಿಯಂದ್ರೇ?"

ಅವರು ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಸೊರಬದ ಬಸ್ಸಿಗೆಂದು ಚೀಲ ಕಟ್ಟಿಕೊಂಡು ಕೂತಿದ್ದಾರೆ. ಚಿಕಿತ್ಸೆ ಅರ್ಧಕ್ಕೇ ನಿಲ್ಲುವ ಹಾಗಾಯಿತು. ರತ್ನ ನನ್ನನ್ನು ಅಡುಗೆಮನೆಗೆ ಕರೆದು, "ಏನಾದ್ರೂ ಮಾಡಿ ರೀ" ಎಂದಳು. "ಅದು ಬರೀ ಆಟ ಕಣೇ" ಎಂದೆ. "ಬರೀ ಆಟ ಆಗಿದ್ರೆ ನಿನ್ನೆ ಬೀದಿಗೆಲ್ಲ ಕೇಳೋ ಹಾಗೆ ಯಾಕೆ ಕಿರುಚಿದ್ರಿ?" ಎಂದಳು. ಭೇಷ್ ಎನ್ನಿಸಿಕೊಳ್ಳಲು ಹೋಗಿ ಮುದುಕರ ಸಂಜೆಯನ್ನೇ ಹಾಳುಮಾಡಿದೆನಲ್ಲ ಎಂದು ನನಗೂ ನಿಜವಾಗಿಯೂ ಬೇಜಾರಾಯಿತು. ಹೋಗಿ, "ಮಾವ, ಇನ್ನೊಂದು ವಿಸ್ತರಣೆ ಬರ್ತಿದೆಯಂತೆ" ಎಂದೆ.

"ಅದ್ರಾಗೆ ಹೋರಿ ಐತಾ?"

"ಇಲ್ಲ, ಮಾಟಗಾತಿ ಇದಾಳೆ."

"ಬ್ಯಾಡ ಬಿಡ್ರಿ" ಎಂದು ಚೀಲ ಎತ್ತಿಕೊಂಡರು.

ಕೊನೆಗೆ ನಿಜ ಹೇಳಿದೆ. ಆಟವನ್ನು ಮೊದಲಿನಿಂದ ಶುರುಮಾಡಿದರೆ ಸತ್ತವರೆಲ್ಲ ಎದ್ದು ಬರುತ್ತಾರೆ, ಸರದಾರನೂ ಬರುತ್ತದೆ, ಮೊದಲಿಗಿಂತ ಬಲವಾಗಿ ಬರುತ್ತದೆ. ಆದರೆ ಅಲ್ಲಿಗೆ ತಲುಪಲು ಕೋಟೆಗಳನ್ನೆಲ್ಲ ನಾನು ಮತ್ತೊಮ್ಮೆ ದಾಟಬೇಕು. ಮಾವನವರು ಚೀಲ ಕೆಳಗಿಟ್ಟು, "ದಾಟ್ರಿ, ನಾವು ಕಾಯ್ತೀವಿ" ಎಂದರು. ವಾರಗಟ್ಟಲೆ ದಾಟಿದೆ. ಕಪ್ಪೆಗಳಿಂದಲೂ ಮತ್ತೆ ಹೊಡೆಸಿಕೊಂಡೆ.

ಮೊನ್ನೆ ಸರದಾರನ ಬಾಗಿಲು ತೆರೆಯಿತು. ಹಾಲೇಶಣ್ಣನ ಕುರ್ಚಿ ವಾಪಸ್ಸು ಬಂದಿತ್ತು. ನಾನು ಕತ್ತಿಯನ್ನು ಒರೆಯಲ್ಲಿಟ್ಟು ಬರಿಗೈಯಲ್ಲಿ ಎದುರಿಗೆ ನಿಂತೆ. ಅದು ಕಾಲು ಕೆರೆದು ನುಗ್ಗಿ ನನ್ನನ್ನು ಕೊಂಬಿನಲ್ಲೆತ್ತಿ ಗೋಡೆಯಾಚೆ ಎಸೆಯಿತು. ಸಿಳ್ಳೆಯೋ ಸಿಳ್ಳೆ. ಆ ಗಲಾಟೆಯಲ್ಲಿ ಮಾವನವರು ಹಾಲೇಶಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು: "ಎದುರಿಗಿರೋನು ಚಂದಾಗಿ ಬಿದ್ರೇನೇ ಹೋರಿಗೆ ಮರ್ಯಾದೆ ಕಣ್ರೀ. ಏನೇ ಹೇಳ್ರಿ, ನಮ್ಮ ಅಳಿಯಂದ್ರು ಭೇಷ್ ಬೀಳ್ತಾರೆ!"

ನಾನು ಮತ್ತೆ ಎದ್ದು ನಿಂತೆ, ಸ್ವಲ್ಪ ದೂರದಿಂದ ಓಡಿಬಂದು, ಮೊದಲಿಗಿಂತ ಇನ್ನೂ ಚೆನ್ನಾಗಿ ಬಿದ್ದೆ.