ನನ್ನ ಸತ್ಕಾರ್ಯವನ್ನು ದಯವಿಟ್ಟು ರದ್ದುಪಡಿಸಿ

ನಮ್ಮ ಗಲ್ಲಿಯ ತುದಿಯ ಕಂಬದ ಮೇಲೆ ವಿರಾಜಮಾನರಾಗಿರುವ, ಬಾಯಿ ಎರಡುಳ್ಳ ಆದರೆ ಕಿವಿ ಒಂದೂ ಇಲ್ಲದ ವಾರ್ಡ್ ಧ್ವನಿವರ್ಧಕ ಮಹಾಶಯರ ಸನ್ನಿಧಿಗೆ, ಅದೇ ಕಂಬದ ಬುಡದಲ್ಲಿ ಇಪ್ಪತ್ತೆರಡು ವರ್ಷಗಳಿಂದ ನುಚ್ಚಕ್ಕಿ ಅನ್ನ ಮತ್ತು ಸುಟ್ಟ ಹಂದಿಮಾಂಸ ಮಾರಿಕೊಂಡು ಬದುಕಿರುವ ತಾಮ್ ಹ್ವೆ ಎಂಬ ಹೆಂಗಸು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ತಮ್ಮ ಕ್ಷೇಮಸಮಾಚಾರ ದಿನವೂ ಬೆಳಗಿನ ಐದು ಗಂಟೆಗೆ ಸೈಗಾನಿನ ಈ ಮೂಲೆಗೆಲ್ಲ ಕೇಳಿಸುತ್ತಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತೇನೆ. ಇತ್ತ ನಾನೂ ಕ್ಷೇಮ. ಅಂದರೆ ಹೋದ ತಿಂಗಳು ತಾವು ನನ್ನನ್ನು ಹೊಗಳುವವರೆಗೆ ಕ್ಷೇಮವಾಗಿದ್ದೆ.

ಮೊದಲಿಗೆ ತಮ್ಮ ಉಪಕಾರಗಳನ್ನು ನೆನೆಯದಿದ್ದರೆ ನಾನು ಕೃತಘ್ನಳಾಗುತ್ತೇನೆ. ಇವತ್ತು ಕೈ ತೊಳೆಯುವ ದಿನ, ನಾಳೆ ಕಣ್ಣಿನ ದಿನ, ಆಚೆ ನಾಡಿದ್ದು ಹಲ್ಲಿನ ದಿನ ಎಂದು ತಾವು ಹೇಳಿಕೊಡದೆ ಹೋಗಿದ್ದರೆ, ನಮಗೆ ಕೈ, ಕಣ್ಣು, ಹಲ್ಲುಗಳು ಇರುವುದೇ ಮರೆತುಹೋಗುತ್ತಿತ್ತೇನೋ. ನಿದ್ರೆಯ ಮಹತ್ವವನ್ನು ಸಾರುವ ದಿನ ತಾವು ಇಡೀ ಗಲ್ಲಿಯನ್ನು ಎಂದಿಗಿಂತ ಅರ್ಧ ಗಂಟೆ ಮುಂಚೆಯೇ ಎಬ್ಬಿಸಿ ನಿದ್ರೆ ಎಷ್ಟು ಒಳ್ಳೆಯದೆಂದು ತಿಳಿಸಿದಿರಿ. ಶಬ್ದಮಾಲಿನ್ಯದ ವಿರುದ್ಧ ನಲವತ್ತು ನಿಮಿಷ ಮಾತಾಡಿದಿರಿ. ತಂಬಾಕು ಬಿಡುವ ದಿನದಂದು, ನನ್ನ ಅಂಗಡಿಯ ಮುಂದೆ ಬಾಡಿಗೆ ಬೈಕು ನಿಲ್ಲಿಸಿಕೊಳ್ಳುವ ಲುಕ್, ತಮ್ಮ ದನಿ ಕೇಳಿ ಬೆಚ್ಚಿಬಿದ್ದು ಉರಿಯುವ ಸಿಗರೇಟನ್ನು ಹೆಲ್ಮೆಟ್ಟಿನೊಳಗೆ ಬಚ್ಚಿಟ್ಟು, ಆಮೇಲೆ ಆ ಹೆಲ್ಮೆಟ್ಟನ್ನು ಗಿರಾಕಿಯ ತಲೆಗೆ ತೊಡಿಸಿದ. ಆ ಗಿರಾಕಿಯಂತೂ ತಂಬಾಕಿನ ಅಪಾಯವನ್ನು ಈ ಜನ್ಮದಲ್ಲಿ ಮರೆಯಲಾರ.

ನಾನು ಇಂಥ ದಿನಗಳ ವಿರೋಧಿಯೆಂದು ದಯವಿಟ್ಟು ಭಾವಿಸಬೇಡಿ. ರಕ್ತದಾನದ ದಿನ ರಕ್ತ ಕೊಟ್ಟಿದ್ದೇನೆ, ಗಿಡ ನೆಡುವ ದಿನ ಗಿಡ ನೆಟ್ಟಿದ್ದೇನೆ. ಹೋದ ವರ್ಷ ನೆಟ್ಟಿದ್ದ ಗಿಡವನ್ನು ಕಿತ್ತು ಅದೇ ಗುಂಡಿಯಲ್ಲಿ ನೆಡಬೇಕಾಗಿ ಬಂದರೂ ಚಕಾರವೆತ್ತಲಿಲ್ಲ. ನನ್ನ ದೂರು ಒಂದೇ ಒಂದು ದಿನದ್ದು. ಅದು ಬಡವರಿಗಾಗಿ ಮೀಸಲಾದ ದಿನ.

ದೂರಿಗೆ ಬರುವ ಮುನ್ನ ಕ್ವೋಯ್ ಅಜ್ಜನ ವಿಷಯ ಹೇಳಬೇಕು. ತಾವು ಮೇಲಿನಿಂದ ನೋಡುತ್ತಿದ್ದಿರಿ, ಆದ್ದರಿಂದ ಅವರ ಟೋಪಿಯ ಪರಿಚಯ ತಮಗಿರುತ್ತದೆ. ಟೋಪಿಯ ಕೆಳಗೆ ಎಪ್ಪತ್ತಾರು ವರ್ಷದ ಒಬ್ಬ ಮನುಷ್ಯ ಇದ್ದಾರೆ. ಮೂವತ್ತು ವರ್ಷ ಮೆಕಾಂಗ್ ನದಿಯ ಅಕ್ಕಿ ದೋಣಿಗಳಲ್ಲಿ ಅಡುಗೆ ಮಾಡಿದವರು, ಈಗ ನಡೆದಾಡಿಕೊಂಡು ಲಾಟರಿ ಚೀಟಿ ಮಾರುತ್ತಾರೆ. ಬಡವರು, ನಿಜ. ಆದರೆ ಅವರೆದುರು ಆ ಮಾತನ್ನು ಹೇಳುವ ಗಂಡೆದೆ ಈ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ. ಯಾರಾದರೂ ಪುಣ್ಯಾತ್ಮರು ಚೀಟಿಯ ದುಡ್ಡು ಕೊಟ್ಟು “ಚೀಟಿ ನೀವೇ ಇಟ್ಕೊಳಿ ಅಜ್ಜ” ಎಂದು ಬೈಕು ಓಡಿಸಿದರೆ, ಈ ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ಸಿಗ್ನಲ್ಲಿನವರೆಗೆ ಅಟ್ಟಿಸಿಕೊಂಡು ಹೋಗಿ, “ಏಯ್, ನಾನೇನು ಭಿಕ್ಷೆ ಬೇಡಿದ್ನೇನೋ? ತಗೋ ನಿನ್ ಚೀಟಿ, ಬಹುಮಾನ ಬಂದ್ರೆ ನನ್ ಹೆಸರು ಹೇಳ್ಬೇಡ!” ಎಂದು ಬೈದು ಚೀಟಿಯನ್ನು ಜೇಬಿಗೆ ತುರುಕಿ ಬರುತ್ತಿದ್ದರು.

ಇಂಥವರು ಐದು ವರ್ಷಗಳಿಂದ ದಿನವೂ ಹನ್ನೊಂದು ಗಂಟೆಗೆ ನನ್ನ ಅಂಗಡಿಯ ನೀಲಿ ಸ್ಟೂಲಿನ ಮೇಲೆ ಕೂತು ಒಂದು ತಟ್ಟೆ ಊಟ ಮಾಡುತ್ತಿದ್ದರು. ಅದು ಊಟವೆಂದು ನಾವಿಬ್ಬರೂ ಎಂದೂ ಒಪ್ಪಿಕೊಂಡವರಲ್ಲ; ಅದು ಪರೀಕ್ಷೆ. ನುಚ್ಚಕ್ಕಿ ಅನ್ನದ ಅಂಗಡಿಯ ಮಾನ ನಿಂತಿರುವುದು ಮಾಂಸದ ಮೇಲಲ್ಲ, ಮೇಲೆ ಸುರಿಯುವ ಮೀನಿನ ರಸದ ಮೇಲೆ: ಉಪ್ಪು, ಸಿಹಿ, ಹುಳಿ, ಖಾರ ನಾಲ್ಕೂ ಅತ್ತೆ ಸೊಸೆ ನಾದಿನಿ ವಾರಗಿತ್ತಿಯರಂತೆ ಒಂದೇ ಬಟ್ಟಲಲ್ಲಿ ಜಗಳವಾಡದೆ ಇರಬೇಕು. ಅಜ್ಜ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ತೀರ್ಪು ಬರುತ್ತಿತ್ತು: “ನಿಂಬೆಹುಳಿ ಮುಂದೆ ಓಡ್ತಾ ಇದೆ, ಸಕ್ಕರೆ ಹಿಂದೆ ಕುಂಟ್ತಾ ಇದೆ. ಅರ್ಧ ಚಮಚ.” ನಾನು “ನಿಮ್ಮನ್ನ ಯಾರ್ ಕೇಳಿದ್ರು? ತಿಂದು ಏಳಿ, ಗಿರಾಕಿ ಬರೋ ಹೊತ್ತು” ಎನ್ನುತ್ತ ಅರ್ಧ ಚಮಚ ಹಾಕುತ್ತಿದ್ದೆ. ಅವರು ತಟ್ಟೆ ಖಾಲಿ ಮಾಡಿ, “ಪೂರ್ತಿ ತಿನ್ನದೆ ಹೇಳೋಕಾಗಲ್ಲ. ಕೊನೇ ತುತ್ತಲ್ಲಿ ರುಚಿ ತಿರುಗುತ್ತೆ” ಎಂದು ಗಂಭೀರವಾಗಿ ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಧನ್ಯವಾದ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಐದು ವರ್ಷ ಇಷ್ಟು ಚೆನ್ನಾಗಿ ಬೈದಾಡಿಕೊಂಡು ಬಂದ ಸಂಸಾರಗಳೂ ಈ ಗಲ್ಲಿಯಲ್ಲಿ ಕಡಿಮೆ.

ಈಗ ತಮ್ಮ ಪಾತ್ರ. ಬಡವರ ದಿನದ ಬೆಳಗ್ಗೆ ಐದು ಗಂಟೆಗೆ ತಾವು ಗಂಟಲು ಸರಿಮಾಡಿಕೊಂಡು, ಹಿಂದೆ ಸಂಗೀತ ಇಟ್ಟುಕೊಂಡು, ವಾರ್ಡಿನ ಮಾದರಿ ಸತ್ಕಾರ್ಯಗಳ ಪಟ್ಟಿ ಓದಿದಿರಿ. ಎರಡನೆಯ ಸತ್ಕಾರ್ಯ ನನ್ನದು: “ಶ್ರೀಮತಿ ತಾಮ್ ಹ್ವೆಯವರು ತಮ್ಮ ಸಣ್ಣ ಸಂಪಾದನೆಯಲ್ಲೂ ಅನಾಥರೂ ನಿರ್ಗತಿಕರೂ ಆದ ವೃದ್ಧ ಶ್ರೀ ಕ್ವೋಯ್ ಅವರಿಗೆ ಐದು ವರ್ಷಗಳಿಂದ ಪ್ರತಿದಿನ ಉಚಿತ ಊಟ ನೀಡುತ್ತಿದ್ದಾರೆ.” ಕೇಳದವರಿಗೆ ಅನ್ಯಾಯವಾಗದಿರಲೆಂದು ಅದನ್ನೇ ಸಂಜೆಯೂ, ಮತ್ತೆ ಎರಡು ದಿನವೂ ಓದಿದಿರಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ತಾವು ಕಾಲುವೆಯಾಚೆಯ ಮೂರು ಬೀದಿಗಳ ಕೈಗಳಿಗೂ ತಿಳಿಸಿದಿರಿ. ಆ ಮೊದಲ ದಿನ ಬೆಳಗ್ಗೆ ಅಜ್ಜ ತಮ್ಮ ಕಂಬಕ್ಕೇ ಒರಗಿ ನಿಂತು ಚೀಟಿ ಜೋಡಿಸಿಕೊಳ್ಳುತ್ತಿದ್ದರು. ನಾನು ಇದ್ದಿಲು ಹೊತ್ತಿಸುತ್ತಿದ್ದೆ. ಅವರು ತಲೆ ಎತ್ತಿ ತಮ್ಮನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹೊರಟುಹೋದರು.

ಅಂದಿನಿಂದ ಅವರು ನನ್ನ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಈ ದಾರಿ ತುಳಿದಿಲ್ಲ. ಕಾಲುವೆಯ ದಂಡೆ ಹಿಡಿದು ಸುತ್ತು ಹಾಕಿ ಹೋಗುತ್ತಾರಂತೆ. ಲುಕ್ ಒಂದು ದಿನ ಬೈಕು ನಿಲ್ಲಿಸಿ ಕರೆದನಂತೆ. “ಹೋಗಿ ನಿನ್ ಚಿಕ್ಕಮ್ಮಂಗೆ ಹೇಳು, ನಿರ್ಗತಿಕನಿಗೆ ಹೊಟ್ಟೆ ತುಂಬಿದೆ ಅಂತ” ಎಂದರಂತೆ. ಹೊಟ್ಟೆ ತುಂಬಿರಲಿಲ್ಲ ಎನ್ನುವುದಕ್ಕೆ ಲುಕ್ ಸಾಕ್ಷಿ. ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ ಅವರು ಒಣ ಬ್ರೆಡ್ಡನ್ನು ನಲ್ಲಿನೀರಿನಲ್ಲಿ ಅದ್ದಿ ತಿನ್ನುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದಾನೆ.

ನಾನು ಸುಮ್ಮನೆ ಕೂರಲಿಲ್ಲ. ತಮಗೆ ಮಾತು ಬರೆದುಕೊಡುವ ದಿಯೆಪ್ ಎಂಬ ಹುಡುಗಿಯನ್ನು ಕಾಣಲು ವಾರ್ಡ್ ಕಚೇರಿಗೆ ಹೋದೆ. ಅವಳು ಚಿನ್ನದಂಥ ಹುಡುಗಿ, ನನ್ನಲ್ಲೇ ಊಟ ಮಾಡುತ್ತಾಳೆ. ಅಜ್ಜ ದುಡ್ಡು ಕೊಡದೆ ಏಳುವುದನ್ನು ನೋಡಿ ಕಣ್ಣೀರು ತಂದುಕೊಂಡು ಬರೆದವಳು ಅವಳೇ. “ಅಯ್ಯೋ ಚಿಕ್ಕಮ್ಮ, ನಾನು ಒಳ್ಳೇದನ್ನೇ ತಾನೆ ಬರೆದಿದ್ದು!” ಎಂದಳು. ಅದು ಸುಳ್ಳು, ತಿದ್ದಿ ಹೇಳಿಸು ಎಂದೆ. ಅವಳು ಕಪಾಟು, ಕಂಪ್ಯೂಟರು ಎಲ್ಲ ಹುಡುಕಿ, “ಕೆಟ್ಟದ್ದು ಮಾಡಿಲ್ಲ ಅಂತ ತಿದ್ದೋಕೆ ಫಾರಂ ಇದೆ ಚಿಕ್ಕಮ್ಮ. ಒಳ್ಳೇದು ಮಾಡಿಲ್ಲ ಅಂತ ತಿದ್ದೋಕೆ ಫಾರಂ ಇಲ್ವಲ್ಲ” ಎಂದು ಪೇಚಾಡಿ, ಬರಿಗೈಯಲ್ಲಿ ಕಳಿಸಬಾರದೆಂದು ಗಾಜು ಹಾಕಿಸಿದ ಪ್ರಶಸ್ತಿಪತ್ರವನ್ನು ಕೈಯಲ್ಲಿಟ್ಟಳು. ಅದನ್ನು ಸದ್ಯಕ್ಕೆ ಇದ್ದಿಲಿನ ಚೀಲದ ಮೇಲೆ ಮುಚ್ಚಿದ್ದೇನೆ. ಮಳೆಹನಿ ಬೀಳದಂತೆ ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಆದ್ದರಿಂದ ಫಾರಮ್ಮಿನ ಹಂಗಿಲ್ಲದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ತಾವು ಓದಿದ್ದು ಸುಳ್ಳು ಎಂದೆನಲ್ಲ, ಅದು ಸಿಟ್ಟಿನ ಮಾತಲ್ಲ. ಇಪ್ಪತ್ತೆರಡು ವರ್ಷದ ಅಂಗಡಿಯ ಹೆಸರನ್ನು ಒತ್ತೆಯಿಟ್ಟು ಹೇಳಬೇಕಾದ ಮಾತು, ಇದುವರೆಗೆ ಯಾರಿಗೂ ಹೇಳಿಲ್ಲ. ಆ ಮಹಾಮಾರಿಯ ವರ್ಷ ನನಗೆ ಜ್ವರ ಬಂದು ಹೋಯಿತು, ಹೋಗುವಾಗ ನನ್ನ ಮೂಗು ನಾಲಿಗೆಗಳನ್ನು ಜೊತೆಗೇ ಕೊಂಡೊಯ್ದಿತು. ಐದು ವರ್ಷದಿಂದ ನನಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ, ಗೋಡೆಯ ಸುಣ್ಣವೂ ಒಂದೇ. ರುಚಿ ತಿಳಿಯದವಳು ಅಡುಗೆ ಮಾರುತ್ತಾಳೆಂದು ಗೊತ್ತಾದರೆ ಯಾವ ಗಿರಾಕಿ ಬರುತ್ತಾನೆ? ಕೈಯಳತೆಯ ಮೇಲೆ ನಡೆಸುತ್ತಿದ್ದೆ, ತಪ್ಪುತ್ತಿದ್ದೆ. ಒಂದು ದಿನ ಚೀಟಿ ಮಾರಲು ಬಂದ ಅಜ್ಜ, ಯಾರದೋ ತಟ್ಟೆಯತ್ತ ಮೂಗೆಳೆದು, “ಇದೇನಮ್ಮ, ರಸ ಮಾಡಿದ್ಯೋ, ಉಪ್ಪಿನಕಾಯಿ ತೊಳೆದ ನೀರೋ?” ಎಂದರು. ನಾನು ಹೊಳೆಯಲ್ಲಿ ಮುಳುಗುವವಳಿಗೆ ಹಗ್ಗ ಸಿಕ್ಕಂತೆ, “ಅಷ್ಟು ಗೊತ್ತಿದ್ರೆ ಕೂತು ತಿಂದು ಹೇಳಿ” ಎಂದು ತಟ್ಟೆ ಇಟ್ಟೆ. ಅಂದಿನಿಂದ ಈ ಅಂಗಡಿಯ ನಾಲಿಗೆ ಅವರದು. ಅಂದರೆ ಐದು ವರ್ಷ ಉಚಿತವಾಗಿ ಉಪಕಾರ ಪಡೆದವಳು ನಾನು. ತಾವು ಹೆಸರುಗಳನ್ನು ತಿರುವುಮುರುವು ಓದಿಬಿಟ್ಟಿರಿ.

ನನ್ನ ಮಾತಿಗೆ ಆಧಾರ ಬೇಕಾದರೆ ಈ ಒಂದು ತಿಂಗಳ ನನ್ನ ಅಡುಗೆಯೇ ಇದೆ. ಸೋಮವಾರ ಲುಕ್ ಒಂದು ತುತ್ತು ತಿಂದು, “ಚಿಕ್ಕಮ್ಮ, ಮೀನಿನ ರಸ ಹಾಕಿದ್ದೋ, ಸಮುದ್ರಾನೇ ಹಾಕಿದ್ದೋ?” ಎಂದ. ಹೆದರಿ ಮಾರನೆಯ ದಿನ ಸರಿಪಡಿಸಿದೆ, “ಇವತ್ತು ಯಾರ ಮನೆ ಮದುವೆ, ಪಾಯಸ ಮಾಡಿದೀರಾ?” ಎಂದ. ಎದುರಿನ ನೂಡಲ್ಸ್ ಅಂಗಡಿಯವಳು ಈ ತಿಂಗಳು ಎರಡು ಬೆಂಚು ಹೆಚ್ಚಿಗೆ ಹಾಕಿಸಿದ್ದಾಳೆ; ಅವಳ ಸತ್ಕಾರ್ಯವನ್ನೂ ತಾವು ಒಮ್ಮೆ ಓದಬಹುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೂ ಬಲ್ಲೆ. ಆದರೂ ತಮ್ಮಂಥ ಸಮರ್ಥರಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ತಾವು ಆ ಮೂರು ದಿನ ಆಡಿದ ಮಾತುಗಳು ಇನ್ನೂ ಕಾಲುವೆಯ ಆಸುಪಾಸಿನಲ್ಲೇ ಎಲ್ಲೋ ಇರಬೇಕು. ಎರಡೂ ಬಾಯಿಂದ ಅವನ್ನು ಒಳಗೆಳೆದುಕೊಂಡು ನುಂಗಿಬಿಡಿ. ಅದಾಗದಿದ್ದರೆ ನಾಳೆ ಐದು ಗಂಟೆಗೆ, ಸಂಗೀತದ ಸಮೇತ, ತಾಮ್ ಹ್ವೆ ಕಡುಲೋಭಿ, ಎಂಜಲು ಕೈಯಲ್ಲಿ ಕಾಗೆ ಓಡಿಸದವಳು, ಒಬ್ಬ ಹಿರಿಯ ಅಡುಗೆಭಟ್ಟರಿಂದ ಒಂದು ತಟ್ಟೆ ಅನ್ನಕ್ಕೆ ಐದು ವರ್ಷ ದುಡಿಸಿಕೊಂಡಳು ಎಂದು ಸಾರಿರಿ. ಬೇಕಾದರೆ ಮೂರು ದಿನ ಓದಿ, ನಾನು ಎದ್ದು ನಿಂತು ಕೇಳುತ್ತೇನೆ. ಇನ್ನು ತಮ್ಮ ಪಂಚಾಂಗದಲ್ಲಿ ಒಂದು ದಿನ ಖಾಲಿಯಿದ್ದರೆ ಅದನ್ನು ‘ನೋಡಿಯೂ ನೋಡದಂತಿರುವ ದಿನ’ ಎಂದು ಘೋಷಿಸಿ. ಅಂದು ಯಾರೂ ಬಣ್ಣದ ಅಂಗಿ ಹಾಕಬೇಕಿಲ್ಲ, ಫೋಟೋ ತೆಗೆಯಬೇಕಿಲ್ಲ, ಕೊಡುವವರು ಬೈದುಕೊಂಡು ಕೊಡಲಿ, ತೆಗೆದುಕೊಳ್ಳುವವರು ತಪ್ಪು ಹುಡುಕುತ್ತ ತೆಗೆದುಕೊಳ್ಳಲಿ. ತಾವು ಮಾತ್ರ ಮುಖವನ್ನು ಕಾಲುವೆಯ ಕಡೆಗೆ ತಿರುಗಿಸಿಕೊಂಡಿರಿ.

ತಮಗೆ ಕಿವಿಯಿಲ್ಲದಿರುವುದರಿಂದ ಈ ಪತ್ರವನ್ನು ತಮ್ಮ ಕಂಬಕ್ಕೇ ಅಂಟಿಸುತ್ತಿದ್ದೇನೆ. ದಿನದ ಲಾಟರಿ ಫಲಿತಾಂಶದ ಚೀಟಿ ಹಚ್ಚುವುದೂ ಇಲ್ಲೇ, ನಾನು ಅಂಗಡಿ ಮುಚ್ಚಿ ಹೋದ ಮೇಲೆ ಸಂಜೆ ಅದನ್ನು ನೋಡಲು ಲಾಟರಿ ಮಾರುವವರು ಬರುತ್ತಾರೆ. ಅದರ ಪಕ್ಕದಲ್ಲೇ, ವಯಸ್ಸಾದ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಬಗ್ಗಬೇಕಾಗದ ಎತ್ತರಕ್ಕೆ ಅಂಟಿಸುತ್ತೇನೆ. ಓದಿದವರು ನಾಳೆಯಿಂದ ನನ್ನ ಅಂಗಡಿಗೆ ಬಾರದಿದ್ದರೆ ಬಾರದಿರಲಿ. ಬರಬೇಕಾದವರು ಒಬ್ಬರು ಬಂದರೆ ಸಾಕು. ನೀಲಿ ಸ್ಟೂಲಿನ ಮೇಲೆ ಈ ತಿಂಗಳು ಯಾರನ್ನೂ ಕೂರಿಸಿಲ್ಲ.

ಅಂಟಿಗೆ ನಿನ್ನೆಯ ಅನ್ನದ ಗಂಜಿಯನ್ನೇ ಕಾಯಿಸಿದ್ದೇನೆ. ಜಿರಳೆ ಮುಟ್ಟದಿರಲೆಂದು ಡಬ್ಬಿಯಿಂದ ಎರಡು ಹಿಡಿ ಉಪ್ಪನ್ನೂ ಸುರಿದಿದ್ದೇನೆ. ಬಹುಕಾಲ ನಿಲ್ಲುತ್ತದೆ.

ತಮ್ಮ ಹೊಗಳಿಕೆಯಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ,
ತಾಮ್ ಹ್ವೆ
ನುಚ್ಚಕ್ಕಿ ಅನ್ನದ ಅಂಗಡಿ, ಕಂಬದ ಬುಡ

ತಾ.ಕ.: ಅಂಟಿಸಿ ಮೂರನೆಯ ದಿನ, ಕೆಳಗೆ ಉಳಿದಿದ್ದ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಐದು ಗಂಟೆಗೆ ತಾವು ಬಾಯಿ ತೆರೆದು, ಎರಡು ಸಲ ಗೊರಗುಟ್ಟಿ, ಸುಮ್ಮನಾದಿರಿ. ಗಲ್ಲಿಯವರು ಏಳು ಗಂಟೆಯವರೆಗೆ ಮಲಗಿದರು. ರಿಪೇರಿಯವನು ಏಣಿ ಹತ್ತಿ ನೋಡಿ, ಕಂಬದುದ್ದಕ್ಕೂ ಇರುವೆ ಸಾಲುಗಟ್ಟಿ ತಮ್ಮ ಎರಡೂ ಬಾಯಿಗಳೊಳಗೆ ಸಂಸಾರ ಹೂಡಿವೆಯೆಂದ. ಅವು ಎಲ್ಲಿಂದ ಬಂದವೆಂದು ಯಾರಿಗೂ ತಿಳಿಯಲಿಲ್ಲ. ಹನ್ನೊಂದು ಗಂಟೆಗೆ ಟೋಪಿಯೊಂದು ಬಂದು ಕಂಬದೆದುರು ನಿಂತಿತು, ಈ ಕಾಗದದ ಅಂಚನ್ನು ಬೆರಳಿಂದ ಸವರಿ ನಾಲಿಗೆಗೆ ಹಚ್ಚಿಕೊಂಡಿತು, ನೀಲಿ ಸ್ಟೂಲಿನ ಮೇಲೆ ಕೂತಿತು. “ಅಂಟಿಗೂ ಸಕ್ಕರೆ ಸುರಿದಿದ್ದೀಯಲ್ಲೇ, ತಾಯಿ! ನಿನ್ನನ್ನ ಒಂದು ತಿಂಗಳು ಬಿಟ್ಟಿದ್ದಕ್ಕೆ ಕಂಬಾನೂ ಕೆಟ್ಟೋಯ್ತು. ತಟ್ಟೆ ತಗೊಂಡ್ ಬಾ.” ರಿಪೇರಿಗೆ ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ, ಮಾನ್ಯರೇ, ಅವಸರವೇನಿಲ್ಲ. ಗುಣವಾದ ಮೇಲೆ ಈ ವಿಷಯದಲ್ಲಿ ತುಟಿ ಬಿಚ್ಚಿದಿರೋ, ನನ್ನ ಹತ್ತಿರ ಇನ್ನೂ ಅರ್ಧ ಡಬ್ಬಿ ಉಪ್ಪಿದೆ.